ಹಗಲಿಗೆ ರಾಮ, ಇರುಳಿಗೆ ಕೃಷ್ಣ: ನನ್ನಿವಾಳದ ಕಟ್ಟೆಯಿಂದ ಜಗನ್ಮೋಹನದ ಗಂಜೀಫಾದವರೆಗೆ

ಮಳೆಗಾಗಿ ಆಕಾಶ ನೋಡುತ್ತ ಕುಳಿತ ನೆಲ ಚಳ್ಳಕೆರೆ ಸೀಮೆಯದು. ಶೇಂಗಾ ಹೊಲ, ಕುರುಚಲು ಹುಲ್ಲಿನ ಕಾವಲು, ಅಲ್ಲಲ್ಲಿ ಜಾಲಿಯ ಮರ, ದೂರದಲ್ಲೊಂದು ಬೋಳು ಗುಡ್ಡ. ಇಂಥ ಬಯಲುಸೀಮೆಯ ಊರು ನನ್ನಿವಾಳ. ಎಣ್ಣೆ ಗಿರಣಿಗಳ ಪೇಟೆಯೆಂದು ಚಳ್ಳಕೆರೆಯನ್ನು ನಾಡು ಬಲ್ಲದು. ನನ್ನಿವಾಳದ ಹೆಸರು ಕೇಳಿದವರು ಅಷ್ಟಿಲ್ಲ. ಆದರೆ ಮ್ಯಾಸನಾಯಕರ ಹಟ್ಟಿಗಳಲ್ಲಿ ಈ ಹೆಸರಿಗೆ ಬೇರೆಯೇ ತೂಕವುಂಟು. ಇದು ಕಟ್ಟೆಮನೆಯ ಊರು.

ಕಟ್ಟೆಮನೆ ಎಂದರೆ ಕುಲದ ಹಿರಿಯರು ಕೂಡಿ ಕಟ್ಟುಪಾಡಿನ ಮಾತನ್ನು ತೀರ್ಮಾನಿಸುವ ಠಾವು. ದೇವರ ಎತ್ತುಗಳ ಯೋಗಕ್ಷೇಮ, ಅವನ್ನು ಕಾಯುವ ಕಿಲಾರಿಯ ಹೊಣೆ, ದೇವರ ಕಾರ್ಯದಲ್ಲಿ ಯಾರ ಸರದಿ ಮೊದಲು, ಯಾರದು ಆಮೇಲೆ ಎಂಬಂಥ ಮಾತುಗಳಿಗೆ ಉತ್ತರ ಪುಸ್ತಕದಲ್ಲಿರಲಿಲ್ಲ, ಹಿರಿಯರ ನೆನಪಿನಲ್ಲಿತ್ತು. ಈ ಸೀಮೆಯ ನೆನಪಿನ ಶಕ್ತಿಯೇನೂ ಸಾಮಾನ್ಯದ್ದಲ್ಲ. ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ಎದೆಯಲ್ಲಿಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಕೇಳಿ ಬರೆದುಕೊಂಡದ್ದರಿಂದ ಆ ಪದಗಳು ಹಾಡಿದವರ ಕಾಲದ ನಂತರವೂ ಉಳಿದವು.

ನೆನಪಿನಲ್ಲಿರುವ ನಿಯಮಕ್ಕೆ ಒಂದು ಗುಣವುಂಟು. ಅದನ್ನು ಕೇಳುವವರು, ಅದರ ಬಗ್ಗೆ ವಾದಿಸುವವರು ಇರುವ ತನಕ ಮಾತ್ರ ಅದು ಬದುಕಿರುತ್ತದೆ. ದೊಡ್ಡವರ ಕಟ್ಟೆಗೆ ಸಲ್ಲುವ ಈ ಮಾತು ಸಣ್ಣವರ ಆಟಕ್ಕೂ ಸಲ್ಲುತ್ತದೆ.

ಸಣ್ಣವರ ಕಟ್ಟೆ

ಬಯಲುಸೀಮೆಯ ಹಳ್ಳಿಗಳಲ್ಲಿ ಜಗಲಿಯ ಚಪ್ಪಡಿಯ ಮೇಲೋ ದೇವಸ್ಥಾನದ ನೆಲಹಾಸಿನ ಮೇಲೋ ಕೊರೆದ ಗೆರೆಗಳನ್ನು ಕಾಣಬಹುದು. ಒಂದು ತ್ರಿಕೋನ, ಅದರೊಳಗೆ ಅಡ್ಡಗೆರೆಗಳಿದ್ದರೆ ಅದು ಹುಲಿ-ಕುರಿ ಆಟದ ಮನೆ. ಸಾಮಾನ್ಯವಾಗಿ 3 ಹುಲಿ, 15 ಕುರಿ. ಹುಲಿ ಕುರಿಯನ್ನು ಹಾರಿ ಕೊಲ್ಲಬೇಕು. ಕುರಿಗಳು ಹುಲಿ ಅಲ್ಲಾಡದಂತೆ ಕಟ್ಟಿಹಾಕಬೇಕು. ಕುರಿಗಳನ್ನೆಲ್ಲ ಇಟ್ಟು ಮುಗಿಯುವ ತನಕ ಇಟ್ಟ ಕುರಿಯನ್ನು ಸರಿಸುವಂತಿಲ್ಲ ಎಂಬುದು ಅದರ ಮುಖ್ಯ ಕಟ್ಟಳೆ. ಕುರಿ ಏನು ಮಾಡಬಲ್ಲದು ಎಂಬುದಷ್ಟೇ ಇಲ್ಲಿ ಸಾಲದು, ಯಾವಾಗಿನಿಂದ ಮಾಡಬಲ್ಲದು ಎಂಬುದೂ ಗೊತ್ತಿರಬೇಕು.

ಚೌಕಾಬಾರದಲ್ಲಿ ಈ 'ಯಾವಾಗ' ಎಂಬ ಪ್ರಶ್ನೆ ಇನ್ನೂ ಚುರುಕು. ಐದೈದು ಮನೆಯ ಚೌಕ, 4 ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ 8. ಎರಡಕ್ಕೂ ಇನ್ನೊಂದು ಸಲ ಕವಡೆ ಬಿಡುವ ಹಕ್ಕು. ಗುಣಾಕಾರದ ಗುರುತು ಹಾಕಿದ ಮನೆಗೆ ಹಲವು ಕಡೆ 'ಕಟ್ಟೆ' ಎಂದೇ ಹೆಸರು. ಕಟ್ಟೆಯಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ.

ಜಗಳ ಹುಟ್ಟುವುದು ಇವುಗಳ ಸಂಧಿಯಲ್ಲಿ. ಚೌಕ ಬಿತ್ತು, ಮೊದಲು ನಾಲ್ಕು ಮನೆ ನಡೆಸಿ ಆಮೇಲೆ ಎರಡನೆಯ ಸಲ ಬಿಡಬೇಕೋ, ಎರಡೂ ಸಲ ಬಿಟ್ಟು ಬಂದ ಗರಗಳನ್ನು ಬೇಕಾದ ಹಾಗೆ ಹಂಚಿಕೊಳ್ಳಬಹುದೋ? ಮೊದಲೇ ನಡೆಸಬೇಕಾದರೆ ಎದುರಿನ ಕಾಯಿಗೆ ತಪ್ಪಿಸಿಕೊಳ್ಳುವ ದಾರಿಯಿದೆ. ಹಂಚಿಕೊಳ್ಳಬಹುದಾದರೆ ಅದು ಸತ್ತಂತೆಯೇ. "ನಿಮ್ಮ ಮನೇಲಿ ಹೆಂಗಾದ್ರೂ ಆಡ್ಕಳ್ರಿ, ನಮ್ಮಜ್ಜಿ ಹಿಂಗೇ ಹೇಳ್ಕೊಟ್ಟೈತೆ" ಎಂದು ಒಬ್ಬಳು, "ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದು ಇನ್ನೊಬ್ಬ. ಈ ಎರಡನೆಯ ಮಾತಿನಲ್ಲಿ ನ್ಯಾಯದ ತಿರುಳೇ ಇದೆ. ನಿಯಮ ಯಾವುದೇ ಇರಲಿ, ಅದನ್ನು ಕವಡೆ ಬಿಡುವ ಮೊದಲೇ ಹೇಳಿರಬೇಕು. ಕವಡೆ ಬಿದ್ದ ಮೇಲೆ ಹೇಳುವುದು ನಿಯಮವಲ್ಲ, ಅನುಕೂಲ.

ಇಂದು ಅದೇ ಮಕ್ಕಳ ಕೈಗೆ ಬೇರೆ ಆಟವೂ ಬಂದಿದೆ. ಅಂಗಡಿಯಲ್ಲಿ ಕೊಂಡದ್ದೋ ಪೇಟೆಯ ಸೋದರಮಾವ ತಂದುಕೊಟ್ಟದ್ದೋ, ಬೆಂಕಿಯುಗುಳುವ ಮೃಗ, ಮಂತ್ರವಾದಿ, ರೆಕ್ಕೆಯ ಕುದುರೆಗಳ ಚಿತ್ರವಿರುವ ಬಣ್ಣದ ಕಾರ್ಡುಗಳು. ಕೆಲವರು ಅದನ್ನೇ ಫೋನಿನ ತೆರೆಯ ಮೇಲೆ ಆಡುತ್ತಾರೆ. ಜಗಳ ಮಾತ್ರ ಹಳೆಯದೇ: "ನನ್ನ ಕಾರ್ಡಿನ ಪ್ರಭಾವ ಮೊದಲು ಆಗಬೇಕು, ಆಮೇಲೆ ನಿನ್ನದು." ಇದೇನು ಹೊಸ ಪಿಡುಗು ಎಂದು ತಂದೆತಾಯಂದಿರು ಗದರುತ್ತಾರೆ. ಆದರೆ ಪಿಡುಗೋ ಅಲ್ಲವೋ, ಹೊಸದಂತೂ ಅಲ್ಲ. ದೇವರು, ಅವತಾರ, ಅಸ್ತ್ರಗಳ ಚಿತ್ರವಿದ್ದ ಎಲೆಗಳನ್ನು ಹಿಡಿದು 'ಈಗ ಯಾವುದಕ್ಕೆ ಅಧಿಕಾರ?' ಎಂದು ಕೇಳುವ ಆಟ ಕನ್ನಡನಾಡಿನಲ್ಲೇ ಇತ್ತು. ಅದರ ಎಲೆಗಳನ್ನು ನೋಡಬೇಕಾದರೆ ಮೈಸೂರಿಗೆ ಹೋಗಬೇಕು.

ಮೈಸೂರಿನ ಹಾದಿ

ಚಳಿಗಾಲ ಬಂತೆಂದರೆ ಚಳ್ಳಕೆರೆ ಸೀಮೆಯ ಶಾಲೆಗಳಿಂದಲೂ ಪ್ರವಾಸದ ಬಸ್ಸುಗಳು ಮೈಸೂರಿನತ್ತ ಹೊರಡುತ್ತವೆ. ಬಳ್ಳಾರಿಯ ಕಡೆಯಿಂದ ಬರುವ 150ಎ ರಾಷ್ಟ್ರೀಯ ಹೆದ್ದಾರಿ ಚಳ್ಳಕೆರೆಯನ್ನು ಹಾದು ಹಿರಿಯೂರು, ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲಗಳ ಮೇಲೆ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ ಸಾಗುತ್ತದೆ. ಕಿಟಕಿಯ ಪಕ್ಕ ಕೂತ ಹುಡುಗನಿಗೆ ಇದೊಂದು ಭೂಗೋಳದ ಪಾಠ. ಹಿರಿಯೂರಿನಲ್ಲಿ ವೇದಾವತಿ, ಹುಳಿಯಾರು ದಾಟುತ್ತಿದ್ದಂತೆ ತೆಂಗಿನ ತೋಟಗಳ ಸಾಲು, ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಾಲೆ, ಕಬ್ಬು, ಭತ್ತ. ನೀರು ಕಂಡಷ್ಟೂ ಬೆಳೆ ಬದಲು.

ಮೈಸೂರಿನಲ್ಲಿ ಎಲ್ಲರೂ ನೋಡುವುದು ದೊಡ್ಡ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ. ದೊಡ್ಡ ಅರಮನೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿ ಜಗನ್ಮೋಹನ ಅರಮನೆಯಿದೆ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಈ ಮನೆಯಲ್ಲಿ 1907ರಲ್ಲಿ ಮೈಸೂರು ಸಂಸ್ಥಾನದ ಶಾಸನ ಸಭೆಯ ಮೊದಲ ಅಧಿವೇಶನ ಸೇರಿತು. 1915ರಲ್ಲಿ ಇದು ಚಿತ್ರಶಾಲೆಯಾಯಿತು. ರವಿವರ್ಮನ ಚಿತ್ರಗಳು, ಹಳದಣಕರರ ದೀಪ ಹಿಡಿದ ಹೆಂಗಸಿನ ಚಿತ್ರ, ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳು ಕವಾಯತು ಮಾಡುವ ಫ್ರಾನ್ಸಿನ ಗಡಿಯಾರ, ಇವುಗಳ ಮುಂದೆ ಗುಂಪು ನಿಲ್ಲುತ್ತದೆ. ಇಲ್ಲಿನ ಸಂಗ್ರಹದಲ್ಲಿ ಮೈಸೂರು ಗಂಜೀಫಾದ ಎಲೆಗಳೂ ಇವೆ. ಅವುಗಳ ಮುಂದೆ ಗುಂಪಿಲ್ಲ. ಅಂಗೈಯಲ್ಲಿ ಅಡಗುವ ದುಂಡು ಬಿಲ್ಲೆಗಳು, ಮೇಲೆ ಕೂದಲೆಳೆಯ ಕುಂಚದ ದೇವತಾಚಿತ್ರ. 'ಚೆನ್ನಾಗಿದೆ' ಎಂದು ಹೇಳಿ ಮುಂದೆ ನಡೆಯುತ್ತಾರೆ. ಇದನ್ನು ಆಡುವುದು ಹೇಗೆ ಎಂದು ಕೇಳುವವರು ಅಪರೂಪ.

ಸೂರ್ಯನನ್ನು ಕೇಳಿ ಆಡುವ ಆಟ

ಗಂಜೀಫಾ ಪರ್ಷಿಯಾದ ಕಡೆಯಿಂದ ಬಂದ ಆಟ. ಮೊಗಲ್ ದೊರೆ ಬಾಬರ್ 1527ರಲ್ಲಿ ಸಿಂಧ್‌ನ ಸ್ನೇಹಿತನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಕ್ಬರನ ಆಸ್ಥಾನದಲ್ಲಿ 12 ರಂಗುಗಳ, 144 ಎಲೆಗಳ ಆಟವಿದ್ದುದನ್ನು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ವಿವರಿಸಿದ್ದಾನೆ. ಆಮೇಲೆ ಹೆಚ್ಚು ಬಳಕೆಗೆ ಬಂದದ್ದು 8 ರಂಗಿನ 96 ಎಲೆಗಳ ಕಟ್ಟು. ನಮ್ಮವರು ಅದನ್ನು ದಶಾವತಾರಕ್ಕೆ ಹೊಂದಿಸಿದರು. ಮತ್ಸ್ಯನಿಂದ ಕಲ್ಕಿಯ ತನಕ 10 ರಂಗು; ಪ್ರತಿ ರಂಗಿನಲ್ಲಿ ಒಬ್ಬ ರಾಜ, ಒಬ್ಬ ಮಂತ್ರಿ, 1ರಿಂದ 10ರ ತನಕ ಎಣಿಕೆಯ ಎಲೆಗಳು; ಒಟ್ಟು 120. ಅರಮನೆಯವರಿಗೆ ದಂತ, ಆಮೆಚಿಪ್ಪಿನ ಎಲೆ. ಸಾಮಾನ್ಯರಿಗೆ ಬಟ್ಟೆ, ತಾಳೆಗರಿ, ಕಟ್ಟಿಗೆಯದು.

ಆಡುವವರು ಸಾಮಾನ್ಯವಾಗಿ ಮೂವರು. 120ನ್ನು 3ರಿಂದ ಭಾಗಿಸಿದರೆ ತಲೆಗೆ 40, ಶೇಷವಿಲ್ಲ. 96ಕ್ಕೂ 144ಕ್ಕೂ ಇದೇ ಗುಣ. 52 ಎಲೆಯ ಇಸ್ಪೀಟನ್ನು ಮೂವರಿಗೆ ಹಂಚಿದರೆ ಒಂದೆಲೆ ಉಳಿಯುತ್ತದೆ. ಒಬ್ಬರು ಒಂದು ಎಲೆ ಇಳಿಸಿದರೆ ಉಳಿದ ಇಬ್ಬರೂ ಒಂದೊಂದು ಇಳಿಸಬೇಕು. ಆ ರಂಗಿನ ದೊಡ್ಡ ಎಲೆ ಹಾಕಿದವರಿಗೆ ಮೂರೂ ಸೇರುತ್ತವೆ. ತುರುಫಿಲ್ಲ. ಯಾವ ಎಲೆಗಳು ಹೋದವು, ಯಾವುವು ಉಳಿದಿವೆ ಎಂದು ಮನಸ್ಸಿನಲ್ಲೇ ಎಣಿಸುತ್ತಿರಬೇಕು. ಇದು ಅದೃಷ್ಟಕ್ಕಿಂತ ನೆನಪಿನ ಆಟ.

ಮೊದಲ ಎಲೆ ಇಳಿಸುವವರು ಯಾರು? ಗಂಜೀಫಾದ ಸೊಗಸೆಲ್ಲ ಈ ಪ್ರಶ್ನೆಯ ಉತ್ತರದಲ್ಲಿದೆ. ಹಗಲಲ್ಲಿ ಆಡುತ್ತಿದ್ದರೆ ರಾಮನ ರಾಜ ಯಾರ ಕೈಯಲ್ಲಿದ್ದಾನೋ ಅವರು ಮೊದಲು. ಇರುಳಲ್ಲಾದರೆ ಕೃಷ್ಣನ ರಾಜ ಇದ್ದವರು. ರಾಮ ಸೂರ್ಯವಂಶದವನು, ಹುಟ್ಟಿದ್ದು ನಡುಹಗಲು. ಕೃಷ್ಣ ಚಂದ್ರವಂಶದವನು, ಹುಟ್ಟಿದ್ದು ನಡುರಾತ್ರಿ. ನೆನಪಿಡಲು ಬೇರೆ ಪುಸ್ತಕವೇ ಬೇಡ. 96 ಎಲೆಯ ಮೊಗಲ್ ಆಟದಲ್ಲೂ ಇದೇ ಕ್ರಮ. ಅಲ್ಲಿ ಹಗಲಿಗೆ ಕೆಂಪು ಚಿನ್ನದ ರಂಗಿನ ಅರಸ, ಇರುಳಿಗೆ ಬಿಳಿ ಬೆಳ್ಳಿಯ ರಂಗಿನ ಅರಸ. ಕೆಲವು ಕಡೆಯ ಕ್ರಮದಲ್ಲಿ ಮಳೆಗೂ ಪಾಲುಂಟು. ಹಗಲು ಮಳೆ ಸುರಿಯುತ್ತಿದ್ದರೆ ಕೂರ್ಮ, ಇರುಳು ಮಳೆಯಾದರೆ ಮತ್ಸ್ಯ. ಹಗಲೂ ಅಲ್ಲದ ಇರುಳೂ ಅಲ್ಲದ ಸಂಜೆಗೆ ನರಸಿಂಹ.

ಆ ಕೊನೆಯದು ಕೇಳಿದ ಕೂಡಲೇ ಯಾವ ಮಗುವಿಗೂ ಪ್ರಹ್ಲಾದನ ಕಥೆ ನೆನಪಾಗುತ್ತದೆ. ಹಗಲಲ್ಲಿ ಸಾವಿಲ್ಲ, ಇರುಳಲ್ಲಿ ಸಾವಿಲ್ಲ, ಮನೆಯೊಳಗಿಲ್ಲ, ಹೊರಗಿಲ್ಲ, ಮನುಷ್ಯನಿಂದಿಲ್ಲ, ಮೃಗದಿಂದಿಲ್ಲ. ಹಿರಣ್ಯಕಶಿಪುವಿನ ವರ ಎಷ್ಟು ಬಿಗಿಯಾದ ಕಟ್ಟಳೆ! ನರಸಿಂಹ ಆ ವರವನ್ನು ಮುರಿಯಲಿಲ್ಲ. ಅದರ ಮಾತನ್ನು ಅಕ್ಷರಶಃ ಪಾಲಿಸಿಯೇ ಅದು ಹೇಳದೆ ಬಿಟ್ಟ ಜಾಗದಲ್ಲಿ ಕಾಲಿಟ್ಟ. ಕಾರ್ಡಿನ ಮೇಲೆ ಬರೆದ ಸಾಲನ್ನು ಬೆರಳಿಟ್ಟು ಓದಿ "ಇದರಲ್ಲಿ ಸಂಜೆ ಅಂತ ಎಲ್ಲಿದೆ?" ಎಂದು ಕೇಳುವ ಇಂದಿನ ಹುಡುಗಿ ಅದೇ ದಾರಿಯಲ್ಲಿದ್ದಾಳೆ.

ಸಂಜೆ ಯಾವಾಗ ಮುಗಿಯಿತು ಎಂಬುದಾದರೂ ಸುಲಭದ ಪ್ರಶ್ನೆಯೇ? ಸೂರ್ಯ ಮುಳುಗಿದ ಕೂಡಲೇ ಕತ್ತಲಾಗುವುದಿಲ್ಲ. ಮೇಲಿನ ವಾತಾವರಣ ಬೆಳಕನ್ನು ಚದುರಿಸುತ್ತಲೇ ಇರುತ್ತದೆ. ಖಗೋಳಶಾಸ್ತ್ರಜ್ಞರು ಸಂಜೆಬೆಳಕನ್ನು ಮೂರು ಹಂತ ಮಾಡಿದ್ದಾರೆ: ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವ ತನಕ ಒಂದು, 12ರ ತನಕ ಇನ್ನೊಂದು, 18ರ ತನಕ ಮತ್ತೊಂದು. ಆಮೇಲೆಯೇ ಪೂರ್ಣ ಇರುಳು. ಯಾವ ಹಂತದ ತನಕ ನರಸಿಂಹ, ಎಲ್ಲಿಂದ ಕೃಷ್ಣ ಎಂಬುದನ್ನು ಆಡುವವರೇ ಎಲೆ ಹಂಚುವ ಮುನ್ನ ಒಪ್ಪಿಕೊಳ್ಳಬೇಕಷ್ಟೆ. ಪ್ರಕೃತಿಯಲ್ಲಿ ಗೆರೆಯಿಲ್ಲ, ಗೆರೆ ಎಳೆಯುವುದು ನಮ್ಮ ಕೆಲಸ.

ಇನ್ನೊಂದು ಸ್ವಾರಸ್ಯವಿದೆ. ಅರ್ಧ ರಂಗುಗಳಲ್ಲಿ ಮಂತ್ರಿಯ ನಂತರ 10 ದೊಡ್ಡದು, 1 ಎಲ್ಲಕ್ಕಿಂತ ಚಿಕ್ಕದು. ಉಳಿದರ್ಧದಲ್ಲಿ ತಿರುವುಮುರುವು: ಮಂತ್ರಿಯ ನಂತರ 1 ದೊಡ್ಡದು, 10 ಕೊನೆಯದು. ಎಲೆಯ ಬೆಲೆ ಅದರ ಮೇಲಿನ ಚುಕ್ಕೆಗಳ ಎಣಿಕೆಯಲ್ಲಷ್ಟೇ ಇಲ್ಲ, ಅದು ಯಾವ ಮನೆಯಲ್ಲಿ ಹುಟ್ಟಿತು ಎಂಬುದರಲ್ಲೂ ಇದೆ. ಹತ್ತರ ಎಲೆ ಸಿಕ್ಕಿತೆಂದು ಹಿಗ್ಗುವ ಮುನ್ನ ನಿಯಮ ನೋಡಬೇಕು.

ಅರಸ ಬರೆದ ನಿಯಮಗಳು

ಇಷ್ಟು ಸಾಲದೆಂಬಂತೆ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಎಲೆಯಾಟಗಳನ್ನು ರಚಿಸಿದರು. 1794ರಲ್ಲಿ ಹುಟ್ಟಿ 1799ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದ ಅರಸರು ಅವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವ ತನಕ ಒಡೆಯರಿಗೆ ಸಿಂಹಾಸನವಿತ್ತು, ಅಧಿಕಾರವಿರಲಿಲ್ಲ. ಅವರ ಒಲವು ಸಾಹಿತ್ಯ, ಚಿತ್ರ, ಸಂಗೀತ, ಆಟಗಳ ಕಡೆ ಹರಿಯಿತು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ಕಟ್ಟಿದರು. 'ಶ್ರೀತತ್ತ್ವನಿಧಿ' ಎಂಬ ಸಚಿತ್ರ ಮಹಾಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ 'ಕೌತುಕ ನಿಧಿ'ಯಲ್ಲಿ ಆಟಗಳದೇ ವಿಚಾರ.

ಅಲ್ಲಿ 'ಛದ' ಎಂಬ ಹೆಸರಿನ 13 ಎಲೆಯಾಟಗಳ ವಿವರಣೆಯಿದೆ. ಕೆಲವದರಲ್ಲಿ ರಂಗುಗಳು 18ರ ತನಕ, ಎಲೆಗಳು 360ರ ತನಕ ಹೋಗುತ್ತವೆ. ಪ್ರತಿ ರಂಗಿನಲ್ಲಿ ರಾಜ, ಮಂತ್ರಿ ಇಬ್ಬರೇ ಅಲ್ಲ, ಸಾಮಾನ್ಯವಾಗಿ 6 ಮಂದಿ ದರ್ಬಾರಿನವರು. ಎಂದೆಂದಿಗೂ ತುರುಫಾಗಿಯೇ ಇರುವ ರಂಗುಂಟು. ಬೇರೆ ಎಲೆಯ ಬದಲಿಗೆ ನಿಲ್ಲಬಲ್ಲ ಎಲೆಯುಂಟು. ಇಂದಿನ ಮಕ್ಕಳು 'ವಿಶೇಷ ಶಕ್ತಿಯ ಕಾರ್ಡು' ಎನ್ನುವುದರ ಅಣ್ಣಂದಿರು ಇವು. ರಾಜ್ಯದ ಕಾನೂನು ಬರೆಯುವ ಅಧಿಕಾರವಿಲ್ಲದ ಅರಸ ಆಟದ ಕಾನೂನು ಬರೆದ ಎಂದರೆ ತಪ್ಪಾಗದು.

ಆದರೆ ಛದ ಅರಮನೆಯ ಹೊರಗೆ ಹಬ್ಬಲಿಲ್ಲ. 360 ದುಂಡು ಎಲೆ ಬರೆಸುವುದು ಬಡವರ ಮಾತಲ್ಲ. ಅಷ್ಟು ನಿಯಮ ನೆನಪಿಡುವುದೂ ಸುಲಭವಲ್ಲ. ಯೂರೋಪಿನವರು ತಂದ, ಅಚ್ಚಿನಲ್ಲಿ ಅಗ್ಗವಾಗಿ ಸಿಗುವ 52 ಎಲೆಯ ಇಸ್ಪೀಟು ಗಂಜೀಫಾವನ್ನೂ ಮೂಲೆಗೆ ತಳ್ಳಿತು. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ರಾಜಮನೆತನದವರೇ ನಿಂತು ಈ ಕಲೆಯನ್ನು ಉಳಿಸಿದರು. ಒಡಿಶಾದಲ್ಲಿ 'ಗಂಜಪಾ' ಎಂಬ ಹೆಸರಲ್ಲಿ ಅದು ಉಳಿದುಬಂತು. ನಮ್ಮಲ್ಲಿ ಗಂಜೀಫಾ ರಘುಪತಿ ಭಟ್ಟರಂಥ ಚಿತ್ರಕಾರರು ಬರೆವಣಿಗೆಗೆ ಮತ್ತೆ ಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಎಲೆ ಬರೆಯುವ ಕೈಗಳು ಉಳಿದವು, ಎಲೆ ಹಿಡಿದು "ಈಗ ಹಗಲೋ ಇರುಳೋ?" ಎಂದು ಜಗಳವಾಡುವ ಬಾಯಿಗಳು ಉಳಿಯಲಿಲ್ಲ. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಗಂಜೀಫಾ ಚಿತ್ರ ಹೌದು, ಆಟವಲ್ಲ.

ತಟ್ಟೆಯ ಲೆಕ್ಕ

ಹಾಗಾದರೆ ಇಂದಿನ ಮಾಂತ್ರಿಕ ಕಾರ್ಡುಗಳ ಆಟದಲ್ಲಿ ನಡೆಯುವುದೇನು? ಇಂಥ ಆಟಗಳಲ್ಲಿ ಮೊದಲು ಹೆಸರಾದದ್ದು 1993ರಲ್ಲಿ ಅಮೆರಿಕದಲ್ಲಿ ಹೊರಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್'. ಅದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. 1996ರಲ್ಲಿ ಜಪಾನಿನಿಂದ ಪೋಕೆಮಾನ್ ಕಾರ್ಡುಗಳು ಬಂದವು. 1999ರಲ್ಲಿ ಈಗಿನ ರೂಪದ ಯು-ಗಿ-ಓ.

ಸಮಸ್ಯೆಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಗಿರಿಜಾಳ ಮೃಗದ ಬಲ 3. ಬಸವನ ಹತ್ತಿರ 3 ಪೆಟ್ಟು ಹಾಕುವ ಸಿಡಿಲಿನ ಕಾರ್ಡಿದೆ. ಗಿರಿಜಾಳ ಕೈಯಲ್ಲಿ ಮೃಗದ ಬಲವನ್ನು 3 ಹೆಚ್ಚಿಸುವ ಕಾರ್ಡಿದೆ. ಬಸವ ಸಿಡಿಲು ಇಳಿಸಿದ. ಅದು ತಗಲುವ ಮುನ್ನ ಉತ್ತರವಾಗಿ ಗಿರಿಜಾ ಬಲದ ಕಾರ್ಡು ಇಳಿಸಿದಳು. ಮೃಗ ಬದುಕಿತೋ, ಸತ್ತಿತೋ?

ನಿಯಮ ಹೀಗಿದೆ. ಶಾಲೆಯ ಬಿಸಿಯೂಟದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕಷ್ಟೆ? ಕಾರ್ಡುಗಳೂ ಹಾಗೆಯೇ ಒಂದರ ಮೇಲೊಂದು ಕೂರುತ್ತವೆ. ಕೊನೆಗೆ ಬಂದದ್ದು ಮೊದಲು ಫಲಿಸುತ್ತದೆ. ಗಿರಿಜಾಳ ಕಾರ್ಡು ಮೇಲಿದೆ, ಮೃಗದ ಬಲ 6 ಆಯಿತು. ಆಮೇಲೆ ಸಿಡಿಲು 3 ಪೆಟ್ಟು ಹಾಕಿದರೂ ಮೃಗ ಉಳಿಯಿತು. ಈಗ ಕ್ರಮ ಬದಲಿಸೋಣ. ಗಿರಿಜಾ ಅವಸರಪಟ್ಟು ಬಲದ ಕಾರ್ಡನ್ನು ತಾನೇ ಮೊದಲು ಇಳಿಸಿದಳು. ಬಸವ ಉತ್ತರವಾಗಿ ಸಿಡಿಲು ಬಿಟ್ಟ. ಈಗ ಸಿಡಿಲು ಮೇಲಿದೆ. ಬಲ ಬರುವ ಮುನ್ನವೇ ಮೃಗ ಸತ್ತಿತು. ಅವೇ ಎರಡು ಕಾರ್ಡು, ಅದೇ ಮೃಗ. ಕ್ರಮ ಬದಲಾದದ್ದಕ್ಕೆ ಫಲ ಬದಲು. ಪ್ರಯೋಗಶಾಲೆಯಲ್ಲಿ ನೀರಿಗೆ ಆಮ್ಲ ಸೇರಿಸಬೇಕು, ಆಮ್ಲಕ್ಕೆ ನೀರು ಸುರಿಯಬಾರದು ಎಂದು ಹೇಳಿಕೊಡುವುದೂ ಇದಕ್ಕೇ. ವಸ್ತುಗಳು ಅವೇ, ಕ್ರಮ ತಪ್ಪಿದರೆ ಕೈ ಸುಡುತ್ತದೆ.

ಈ ತಟ್ಟೆಯ ಲೆಕ್ಕ ಆಟ ಹುಟ್ಟಿದಾಗಲೇ ಇರಲಿಲ್ಲ. ಮೊದಮೊದಲು ಕೆಲವು ಕಾರ್ಡುಗಳಿಗೆ 'ನಡುವೆ ಬಾಯಿ ಹಾಕುವ' ವಿಶೇಷ ಹಕ್ಕಿತ್ತು, ಅದರಿಂದ ಗೊಂದಲಗಳೆದ್ದವು. 1999ರಲ್ಲಿ ಆ ವರ್ಗವನ್ನೇ ತೆಗೆದು, ಎಲ್ಲವೂ ತಟ್ಟೆಯ ಸಾಲಿಗೆ ಬರಬೇಕೆಂದು ನಿಯಮ ಮಾಡಿದರು. ಯು-ಗಿ-ಓ ಆಟದಲ್ಲೂ ಉತ್ತರಗಳ ಸರಪಣಿ ಕೊನೆಯ ಕೊಂಡಿಯಿಂದಲೇ ಬಿಚ್ಚಿಕೊಳ್ಳುತ್ತದೆ. ಅಲ್ಲಿ ವೇಗಕ್ಕೆ ಮೂರು ದರ್ಜೆ, ನಿಧಾನದ ಕಾರ್ಡು ವೇಗದ ಕಾರ್ಡಿಗೆ ಉತ್ತರ ಕೊಡುವಂತಿಲ್ಲ. ಬಯಲಾಟದಲ್ಲಿ ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ ಬಿಡುವುದನ್ನು ಕಂಡ ಮಕ್ಕಳಿಗೆ ಇದು ತಿಳಿಯದ ಸಂಗತಿಯಲ್ಲ.

ಮ್ಯಾಜಿಕ್‌ನ ಪೂರ್ತಿ ನಿಯಮಾವಳಿ ಇನ್ನೂರಕ್ಕೂ ಹೆಚ್ಚು ಪುಟದ್ದು. ಅದರ ಆರಂಭದಲ್ಲಿರುವ ಮೂರು ಸೂತ್ರಗಳು ಕಾರ್ಡು ಆಡದವರೂ ತಿಳಿಯುವಂಥವು. ಒಂದು: ಸಾಮಾನ್ಯ ನಿಯಮಕ್ಕೂ ಕಾರ್ಡಿನ ಮೇಲಿನ ಮಾತಿಗೂ ವಿರೋಧ ಬಂದರೆ ಕಾರ್ಡಿನ ಮಾತೇ ಮೇಲು. ಎರಡು: ಒಂದು 'ಮಾಡಬಹುದು' ಎಂದು, ಇನ್ನೊಂದು 'ಮಾಡಬಾರದು' ಎಂದರೆ 'ಬಾರದು' ಗೆಲ್ಲುತ್ತದೆ. ಮೂರು: ಇಬ್ಬರೂ ಒಂದೇ ಹೊತ್ತಿಗೆ ನಿರ್ಧರಿಸಬೇಕಾದರೆ ಯಾರ ಸರದಿ ನಡೆದಿದೆಯೋ ಅವರು ಮೊದಲು. ಎರಡು ಪರಿಣಾಮಗಳು ಒಟ್ಟಿಗೆ ಎದ್ದರೂ ಹಾಗೆಯೇ: ಸರದಿಯವರ ತಟ್ಟೆ ಕೆಳಗೆ, ಎದುರಾಳಿಯದು ಮೇಲೆ, ಆದ್ದರಿಂದ ಎದುರಾಳಿಯದೇ ಮೊದಲು ಫಲಿಸುತ್ತದೆ. ವಿಶೇಷ ನಿಯಮ ಸಾಮಾನ್ಯ ನಿಯಮಕ್ಕಿಂತ ಬಲವಾದದ್ದು ಎಂಬುದು ನ್ಯಾಯಾಲಯಗಳಲ್ಲಿ ವಕೀಲರು ಎತ್ತುವ ವಾದವೂ ಹೌದು.

ಇಷ್ಟೆಲ್ಲ ಕಟ್ಟಿಟ್ಟರೂ ಪ್ರಶ್ನೆ ಮುಗಿಯುವುದಿಲ್ಲ. 2019ರಲ್ಲಿ ಸಂಶೋಧಕರು ಈ ಕಾರ್ಡುಗಳ ನಿಯಮಗಳನ್ನೇ ಜೋಡಿಸಿ ಒಂದು ಟ್ಯೂರಿಂಗ್ ಯಂತ್ರ ಕಟ್ಟಬಹುದೆಂದು ತೋರಿಸಿದರು. ಅಂದರೆ ಕಂಪ್ಯೂಟರ್ ಮಾಡಬಲ್ಲ ಯಾವ ಲೆಕ್ಕವನ್ನೂ ತಾತ್ವಿಕವಾಗಿ ಈ ಆಟದೊಳಗೇ ನಡೆಸಬಹುದು. ಅದರಿಂದಲೇ, ಎಲೆಗಳ ಎಲ್ಲ ಜೋಡಣೆಗಳಿಗೂ ಗೆಲುವು ಯಾರದೆಂದು ಮುಂಚೆಯೇ ಹೇಳಬಲ್ಲ ಒಂದು ವಿಧಾನ ಇರಲಾರದು.

ತಂದೆತಾಯಿ ಏನು ಕೇಳಬೇಕು?

ಎಚ್ಚರ ಬೇಡವೆಂದಲ್ಲ. ಈ ಕಾರ್ಡುಗಳ ಪೊಟ್ಟಣವನ್ನು ಒಡೆಯುವ ತನಕ ಒಳಗೆ ಯಾವ ಕಾರ್ಡಿದೆ ಎಂದು ತಿಳಿಯುವುದಿಲ್ಲ. ಬೇಕಾದದ್ದು ಸಿಗುವ ತನಕ ಕೊಳ್ಳುತ್ತ ಹೋಗುವ ಚಪಲಕ್ಕೆ ಕಡಿವಾಣ ಹಾಕಲೇಬೇಕು. ಹಣ ಕಟ್ಟಿ ಆಡುವ ಆಟದ ಮಾತಂತೂ ಬೇರೆಯೇ; ಅಂತರ್ಜಾಲದಲ್ಲಿ ಅಂಥ ಆಟಗಳನ್ನು ನಿಷೇಧಿಸಿ 2025ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿತು. ಆದರೆ ಹಣವಿಲ್ಲದೆ, ಹೊತ್ತು ಮೀರದೆ ಆಡುವ ಮಕ್ಕಳು ನಿಯಮದ ಬಗ್ಗೆ ಜಗಳವಾಡುತ್ತಿದ್ದರೆ ಕಾರ್ಡು ಕಿತ್ತುಕೊಳ್ಳುವ ಮುನ್ನ ಒಂದು ಮಾತು ಕೇಳಬಹುದು: "ನಿಯಮ ಏನು, ಓದಿ ಹೇಳು." ಓದಬೇಕಾದರೆ ಪದದ ಅರ್ಥ ತಿಳಿಯಬೇಕು, 'ಮೊದಲು', 'ನಂತರ', 'ಆಗ ಮಾತ್ರ' ಇವುಗಳ ಭೇದ ತಿಳಿಯಬೇಕು. ತನಗೆ ಸೋಲಾಗುವಾಗಲೂ ನಿಯಮವನ್ನು ಒಪ್ಪುವ ಗಟ್ಟಿತನ ಬೇಕು. ಗಣಿತದ ತರ್ಕವೂ ನಾಗರಿಕತೆಯ ಮೊದಲ ಪಾಠವೂ ಇದೇ.

ಜಪಾನ್, ಅಮೆರಿಕಗಳ ಆಟಕ್ಕೆ ಇನ್ನೂರು ಪುಟದ ನಿಯಮ ಬರೆದಿಡುವವರಿದ್ದಾರೆ. ಚೌಕಾಬಾರದ, ಹುಲಿ-ಕುರಿಯ ನಿಯಮಗಳು ಇನ್ನೂ ಹೆಚ್ಚಾಗಿ ಅಜ್ಜಿ-ತಾತಂದಿರ ನೆನಪಿನಲ್ಲೇ ಇವೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದಂಥ ಸಂಸ್ಥೆ ಇಂಥ ಆಟಗಳ ಹಾಸುಗಳನ್ನು ಹೊಸದಾಗಿ ಮಾಡಿಸಿ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನ ನಡೆಸುತ್ತ ಬಂದಿದೆ. ಆದರೆ ನನ್ನಿವಾಳದ ಕ್ರಮ ಯಾವುದು, ನಾಯಕನಹಟ್ಟಿಯದು ಯಾವುದು, ಮೊಳಕಾಲ್ಮುರಿನದು ಯಾವುದು ಎಂಬುದನ್ನು ಮೈಸೂರಿನವರು ಬರೆಯಲಾರರು. ಚಪ್ಪಡಿಯ ಮೇಲಿನ ಗೆರೆ ನೂರು ವರ್ಷ ಉಳಿದೀತು. ಕುರಿ ಯಾವಾಗ ಸರಿಯಬಹುದು ಎಂದು ಹೇಳುವವರಿಲ್ಲದಿದ್ದರೆ ಅದೂ ಗಾಜಿನ ಪೆಟ್ಟಿಗೆಯ ಗಂಜೀಫಾದಂತೆಯೇ.

ಪ್ರವಾಸಕ್ಕೆ ಹೊರಡುವ ಶಾಲೆಯವರು ಜಗನ್ಮೋಹನ ಚಿತ್ರಶಾಲೆ ತೆರೆದಿರುವ ದಿನ, ಹೊತ್ತುಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಕ್ಕಳು ಒಂದು ನೋಟುಪುಸ್ತಕ ಒಯ್ಯಲಿ. ದುಂಡು ಎಲೆಗಳ ಮುಂದೆ ನಿಂತು ಯಾವ ಅವತಾರ, ಯಾವ ಎಣಿಕೆ ಎಂದು ಗುರುತಿಸಿಕೊಳ್ಳಲಿ. ಊರಿಗೆ ಮರಳಿದ ಮೇಲೆ ಅದೇ ಪುಸ್ತಕದ ಮುಂದಿನ ಪುಟದಲ್ಲಿ, ಚೌಕ ಬಿದ್ದಾಗ ಮೊದಲು ನಡೆಯೋ ಮೊದಲು ಕವಡೆಯೋ ಎಂದು ಅಜ್ಜಿಯನ್ನು ಕೇಳಿ ಬರೆದುಕೊಳ್ಳಲಿ. ಪಕ್ಕದ ಮನೆಯ ಅಜ್ಜಿ ಬೇರೆ ಹೇಳಿದರೆ ಅದನ್ನೂ ಬರೆಯಲಿ. ಯಾವುದು ಯಾವ ಊರಿನ ಕ್ರಮ ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡರೆ ಸಾಕು.